ಗಾಳಿ ಸೋರುವ ಸದ್ದು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ, ಬೇರೆ ಯಾರೋ ಹೇಳಿ ನೀವು ನಗುವುದಕ್ಕಿಂತ ನಾನೇ ಹೇಳುವುದು ಮರ್ಯಾದೆ. ಇಪ್ಪತ್ತೆಂಟು ವರ್ಷ ದಾಂಡೇಲಿಯಲ್ಲಿ ಮಿಲ್ಲಿನ ಫಿಟ್ಟರ್ ಆಗಿ ದುಡಿದವನು ನಾನು. ಮೂರು ಅಂತಸ್ತಿನಷ್ಟು ಎತ್ತರದ ಕಬ್ಬಿಣದ ಏಣಿಯನ್ನು ಒಂದು ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಹಿಡಿದು, ಹಲ್ಲಿನಲ್ಲಿ ನಟ್ಟು ಕಚ್ಚಿಕೊಂಡು ಹತ್ತಿ ಇಳಿದವನು. ಒಂದು ದಿನವೂ ಕಾಲು ಜಾರಲಿಲ್ಲ. ಅಂಥವನು ಬಿದ್ದದ್ದು ನಮ್ಮ ಮನೆಯ ಎರಡೂವರೆ ಅಡಿಯ ಸ್ಟೂಲಿನ ಮೇಲಿಂದ. ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. "ಇರಲಿ ಬಿಡ್ರೀ, ಗಾಳಿ ಬರತೈತಲ್ಲ," ಎಂದಳು ನನ್ನ ಹೆಂಡತಿ ಶೈಲಾ. ಸದ್ದು ಮಾಡುವ ಯಂತ್ರವನ್ನು ಹಾಗೇ ಬಿಟ್ಟು ಮಲಗಿದರೆ ಫಿಟ್ಟರನ ಮಾನ ಉಳಿಯುತ್ತದೆಯೇ? ಹತ್ತಿದೆ. ಸ್ಟೂಲು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ, ಬಲಗಾಲು ಮಾತ್ರ ಮಂಚದ ಸಂದಿಯಲ್ಲಿ ಉಳಿಯಿತು. ಫ್ಯಾನು ಈಗಲೂ ತಿರುಗುತ್ತಿದೆ, ಕಿರ್ ಎನ್ನುತ್ತಲೇ.

ಫಿಟ್ಟರನ ಕಿವಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಆ ಕಿವಿಯದೇ. ತಿರುಗುತ್ತಿರುವ ಯಂತ್ರದೊಳಗೆ ಏನಾಗಿದೆ ಎಂದು ತಿಳಿಯಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುತ್ತೇವೆ. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟ ಹಾಗೆ. ಒಳಗೆ ಬೇರಿಂಗು ಸವೆದಿದ್ದರೆ ಒಂದು ಸದ್ದು, ಗ್ರೀಸು ಒಣಗಿದ್ದರೆ ಇನ್ನೊಂದು. ಸರಿಯಾಗಿರುವ ಯಂತ್ರಕ್ಕೆ ಹೇಳಿಕೊಳ್ಳುವಂಥ ಸದ್ದೇ ಇಲ್ಲ. ಹೀಗಾಗಿ ಸದ್ದು ಎಂದರೆ ದೋಷ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮದುವೆಮನೆಯಲ್ಲಿ ವಾಲಗ ಊದಿದರೂ ಎಲ್ಲೋ ಗಾಳಿ ತಪ್ಪಿಸಿಕೊಳ್ಳುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು. ಮನೆಯಲ್ಲಿ ಶೈಲಾ ನಿಟ್ಟುಸಿರು ಬಿಟ್ಟರೆ ಮಾತ್ರ ಕೇಳಿಸುತ್ತಿರಲಿಲ್ಲ. ಅದಕ್ಕೆ ಬೇರಿಂಗ್ ಇಲ್ಲವಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗಿನ ಎಲುಬಿಗೆ ಸರಳು ಹಾಕಿದರು. ಎರಡು ಕಡೆ ಮುರಿದಿತ್ತು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬಿಡಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು. ಇದು ಫೆಬ್ರುವರಿಯ ಮಾತು. ಮಗಳು ಧಾರವಾಡದಲ್ಲಿ ನರ್ಸಿಂಗ್ ಓದುತ್ತಾಳೆ, ಅವಳಿಗೆ ಪರೀಕ್ಷೆ. ಶೈಲಾ ಅಂಗನವಾಡಿ ಟೀಚರು, ಅವಳಿಗೆ ಮೂವತ್ತು ಮಕ್ಕಳು. ಅವಳು ಬೆಳಿಗ್ಗೆ ಹೋಗುವಾಗ ಬಾಗಿಲು ಮುಚ್ಚಿ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಹಾಕದಿದ್ದರೆ ನಮ್ಮ ಓಣಿಯ ಮಂಗಗಳು ಒಳಗೆ ಬಂದು ನನ್ನ ಕಣ್ಣೆದುರಿಗೇ ಬಾಳೆಹಣ್ಣು ಸುಲಿದು ತಿನ್ನುತ್ತವೆ. ಒಮ್ಮೆ ತಿಂದವು. ವಾಕರ್ ಹಿಡಿದು ನಾನು ಮಂಚದಿಂದ ಏಳುವಷ್ಟರಲ್ಲಿ ಸಿಪ್ಪೆಯನ್ನು ನನ್ನ ಹಾಸಿಗೆಯ ಮೇಲೇ ಇಟ್ಟು ಹೋದವು. ಹಾಗಾಗಿ ಬೀಗ. ನನ್ನ ಪಾಲಿಗೆ ಉಳಿದದ್ದು ಒಂದು ಮಂಚ, ಒಂದು ಕಿಟಕಿ, ಮತ್ತು ಆ ಫ್ಯಾನು.

ಗೋಡೆಯ ಮೇಲೆ ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ಹನುಮಪ್ಪನ ಕ್ಯಾಲೆಂಡರ್ ಇತ್ತು. ಒಂದು ಕೈಯಲ್ಲಿ ಗುಡ್ಡ ಎತ್ತಿಕೊಂಡು ಹಾರುತ್ತಿರುವ ಹನುಮಪ್ಪ. ಪ್ರತಿ ಶನಿವಾರ ಅವನ ಗುಡಿಗೆ ಹೋಗಿ ಎಣ್ಣೆ ಹಾಕಿ ಬರುತ್ತಿದ್ದವನು ನಾನು. ಸಮುದ್ರ ಹಾರಿದವನಿಗೆ ತನ್ನ ಭಕ್ತನನ್ನು ಎರಡೂವರೆ ಅಡಿಯಿಂದ ಹಿಡಿದುಕೊಳ್ಳಲು ಆಗಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ದಿನವಿಡೀ ಮಲಗಿ ಅವನ ಗಟ್ಟಿಮುಟ್ಟಾದ ತೊಡೆಗಳನ್ನೇ ನೋಡುತ್ತಿರುವುದು ಬೇರೆ. ಕೊನೆಗೆ ಒಂದು ದಿನ, "ಅವನ್ನ ಅಡಗಿಮನಿಗೆ ಒಯ್ಯಿ, ನಂದೂ ಅವಂದೂ ಮಾತು ಬಂದ್ ಆಗೈತಿ," ಎಂದೆ. ಶೈಲಾ ಮೊಳೆಯಿಂದ ತೆಗೆದುಕೊಂಡು ಹೋಗಿ ಹಿಟ್ಟಿನ ಡಬ್ಬಿಯ ಮೇಲ್ಗಡೆ ನೇತುಹಾಕಿದಳು.

ಕಿಟಕಿಯಾಚೆ ಇಮ್ತಿಯಾಜ್‌ಭಾಯಿಯ ಗ್ಯಾರೇಜು. ತಗಡಿನ ಸೂರು, ಸೂರಿನ ಹಿಂದೆ ಕಾಡಿನ ಅಂಚು, ಅಲ್ಲೊಂದು ತಾರೆಕಾಯಿ ಬಿಡುವ ಭಾರಿ ತಾರೆಯ ಮರ. ಇಮ್ತಿಯಾಜ್‌ಭಾಯಿ ನನಗಿಂತ ಎರಡು ವರ್ಷ ಚಿಕ್ಕವನು, ಜೀಪು ಲಾರಿಗಳ ಮೆಕ್ಯಾನಿಕ್ಕು. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಚಹಾ ಕೊಡುತ್ತಿದ್ದ. ಚಹಾದ ಕಪ್ಪು ಆ ಸರಳುಗಳ ಸಂದಿಯಲ್ಲಿ ಹಿಡಿಸದ ಕಾರಣ ಸಣ್ಣ ಗ್ಲಾಸು. ಜೊತೆಗೆ ಬಿಸ್ಕತ್ತು, ಒಂದೊಂದಾಗಿ. ಈ ಒಂದೊಂದಾಗಿ ಎಂಬುದನ್ನು ನೆನಪಿಟ್ಟುಕೊಳ್ಳಿ.

ಮಲಗಿ ಹತ್ತು ದಿನವಾಗಿತ್ತು. ಒಂದು ಬೆಳಿಗ್ಗೆ ಗ್ಯಾರೇಜಿನ ಕಡೆಯಿಂದ ಒಂದು ಸದ್ದು ಕೇಳಿತು. ಭುಸ್, ಭುಸ್, ಭುಸ್. ದಪ್ಪ ಸದ್ದು, ಲಯಬದ್ಧವಾಗಿ ಬಂದು, ಜೋರಾಗಿ, ಮೆಲ್ಲಗೆ ಕರಗಿಹೋಯಿತು. ನನ್ನ ಕಿವಿ ನೆಟ್ಟಗಾಯಿತು. ಎರಡು ತಾಸಿನ ಮೇಲೆ ಮತ್ತೆ. ಚಹಾ ಕೊಡಲು ಬಂದ ಇಮ್ತಿಯಾಜ್‌ಭಾಯಿಗೆ ನಾನು ದೊಡ್ಡ ಡಾಕ್ಟರನ ಗಾಂಭೀರ್ಯದಿಂದ, "ಭಾಯಿ, ನಿಮ್ಮ ಕಂಪ್ರೆಸರ್ ಲೀಕ್ ಐತಿ," ಎಂದೆ.

"ಹೊಸಾದ ಐತ್ರೀ ಸಾಹೇಬ್ರ. ದೀಪಾವಳಿಗೆ ತಂದೀನಿ," ಎಂದ.

"ಹೊಸಾದ ಇದ್ರ ಏನಾತು? ಪೈಪಿನ ಜಾಯಿಂಟ್ ನೋಡ್ರಿ. ಇಪ್ಪತ್ತೆಂಟ ವರ್ಷದ ಕಿವಿ ಇದು."

ಟೈರಿಗೆ ಗಾಳಿ ತುಂಬುವ ಯಂತ್ರದಲ್ಲಿ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವ ವಿಧಾನ ಸರಳ. ಸೋಪಿನ ನೀರು ಕಲಸಿ ಜಾಯಿಂಟುಗಳಿಗೆಲ್ಲ ಬಳಿಯುವುದು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ಪಾಪ, ಇಮ್ತಿಯಾಜ್‌ಭಾಯಿ ಆ ದಿನ ಪೂರ್ತಿ ಬಕೆಟ್ಟು ಹಿಡಿದು ಕೂತ. ನಾನು ಕಿಟಕಿಯಿಂದ ಹೇಳುತ್ತಿದ್ದೆ, ಅವನು ಬಳಿಯುತ್ತಿದ್ದ. ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನ ವಾಲ್ವು ಬಿಚ್ಚಿಸಿದೆ. ಅದರ ಮರುದಿನ ಕಂಪ್ರೆಸರನ್ನು ಬಂದ್ ಮಾಡಿಸಿ, ಪ್ಲಗ್ಗು ಕಿತ್ತಿಸಿ, ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಆಗ, ಪ್ಲಗ್ಗು ಅವನ ಕೈಯಲ್ಲಿರುವಾಗಲೇ, ಭುಸ್, ಭುಸ್, ಭುಸ್ ಎಂದು ಸದ್ದು ನಮ್ಮಿಬ್ಬರ ತಲೆಯ ಮೇಲಿಂದಲೇ ಬಂತು.

ತಲೆ ಎತ್ತಿದೆವು. ತಗಡಿನ ಸೂರಿನ ಮೇಲೆ ಹಾದುಹೋಯಿತು ಒಂದು ಹಕ್ಕಿ. ಹಕ್ಕಿ ಎಂದರೆ ಸಾಲದು. ಕಪ್ಪು ಬಿಳಿ ರೆಕ್ಕೆ, ಒಂದೊಂದು ಬೀಸಿಗೂ ಗಾಳಿ ಹರಿದ ಸದ್ದು, ಬಾಳೆಕಾಯಿಯಂಥ ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಕೊಕ್ಕಿನ ಹಾಗೆ ಟೊಪ್ಪಿಗೆ. ಬೆಳಗಿನ ಬಿಸಿಲು ಆ ರೆಕ್ಕೆಯ ಬಿಳಿಗರಿಗಳ ಮೂಲಕ ಹಾದು ಇಳಿಯಿತು. ತಾರೆಯ ಮರದ ಮೇಲೆ ಅದು ಕೂತಾಗ ಕೊಂಬೆ ತೂಗಿತು. ಮಂಗಟ್ಟೆ. ದಾಂಡೇಲಿಯಲ್ಲಿ ಅದನ್ನು ನೋಡಲೆಂದೇ ದೂರದೂರುಗಳಿಂದ ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ನಾನು ಇಲ್ಲೇ ಹುಟ್ಟಿ, ಇಲ್ಲೇ ಐವತ್ತೆರಡು ವರ್ಷ ಉಸಿರಾಡಿ, ಒಂದು ದಿನವೂ ನಿಂತು ನೋಡಿರಲಿಲ್ಲ. ಮಿಲ್ಲಿನ ಪಾಳಿಗೆ ತಡವಾಗುತ್ತಿತ್ತು.

ಇಮ್ತಿಯಾಜ್‌ಭಾಯಿ ಪ್ಲಗ್ಗನ್ನು ಕೈಯಲ್ಲಿ ಹಿಡಿದೇ ಬಹಳ ಹೊತ್ತು ಮೇಲೆ ನೋಡುತ್ತಿದ್ದ. ಆಮೇಲೆ, "ಸುಬ್ಹಾನಲ್ಲಾ," ಎಂದ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಸಾಹೇಬ್ರ, ಇದರ ಜಾಯಿಂಟಿಗೂ ಸೋಪ್ ಹಚ್ಚಲೇನ್ರಿ?" ಎಂದು ಕೇಳಿದ.

ಯೋಚಿಸಿ ನೋಡಿ. ಮೂರು ದಿನ ದೇವರ ಮಹಿಮೆ ನಮ್ಮ ತಲೆಯ ಮೇಲೆ ಹಾರಾಡುತ್ತಿತ್ತು, ನಾವು ಕೆಳಗೆ ಕೂತು ಅದರ ತೂತು ಹುಡುಕುತ್ತಿದ್ದೆವು. ಬೇರೆ ಊರಿನವರಾದರೆ ಆ ಸದ್ದಿಗೆ ಕಿಟಕಿಯಾಚೆ ಬಗ್ಗಿಯಾದರೂ ನೋಡುತ್ತಿದ್ದರು. ಒಬ್ಬ ಫಿಟ್ಟರ್ ಮತ್ತು ಒಬ್ಬ ಮೆಕ್ಯಾನಿಕ್ ಸೇರಿದ್ದರಿಂದ ಆಕಾಶ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಈ ಮಂಗಟ್ಟೆಗೆ ನಮ್ಮ ಪುರಾಣಗಳು ಮಾಡಿದ ಅನ್ಯಾಯದ ಬಗ್ಗೆ ಆ ದಿನಗಳಲ್ಲಿ ನಾನು ಸಾಕಷ್ಟು ಚಿಂತಿಸಿದ್ದೇನೆ. ಚಿಂತಿಸಲು ಸಮಯಕ್ಕೇನು ಕೊರತೆ? ನವಿಲಿಗೆ ಷಣ್ಮುಖ ಸಿಕ್ಕಿದ, ಹಂಸಕ್ಕೆ ಸರಸ್ವತಿ ಸಿಕ್ಕಳು, ಗರುಡನಿಗೆ ಸಾಕ್ಷಾತ್ ವಿಷ್ಣುವೇ. ಇಲಿಗೂ ಒಂದು ನೌಕರಿ ಆಯಿತು. ಶನಿದೇವರು ಕಾಗೆಯನ್ನೂ ಬಿಡಲಿಲ್ಲ. ಇಷ್ಟು ದೊಡ್ಡ ರೆಕ್ಕೆಯ, ತಲೆಯ ಮೇಲೆ ಕಿರೀಟ ಇಟ್ಟುಕೊಂಡ ಹಕ್ಕಿಯನ್ನು ಮಾತ್ರ ಒಬ್ಬ ದೇವರೂ ವಾಹನವಾಗಿ ಕೇಳಲಿಲ್ಲ. ಇದಕ್ಕೆ ಕಾರಣ ಏನಿರಬಹುದು ಎಂಬುದು ಒಂದು ವಾರದ ಮೇಲೆ ತಿಳಿಯಿತು. ದೇವರುಗಳು ಸಂದರ್ಶನಕ್ಕೆ ಕರೆದ ದಿನ ಹೆಣ್ಣು ಒಳಗೆ ಬಂದಿಯಾಗಿತ್ತು, ಗಂಡು ಊಟ ತರಲು ಹೋಗಿತ್ತು.

ಇದನ್ನು ತಿಳಿಸಿದವನು ಪಾಂಡುರಂಗ. ಜೋಯಿಡಾ ಕಡೆಯವನು, ಅರಣ್ಯ ಇಲಾಖೆಯಲ್ಲಿ ವಾಚರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಬೈಕು ರಿಪೇರಿಗೆ ಬಂದವನು ಕಿಟಕಿಯ ಹತ್ತಿರ ಬಂದು ನಿಂತ. "ಅಲ್ಲಿ ತಾರಿ ಗಿಡದಾಗ ಪೊಟರೆ ಕಾಣತೈತಲ್ರಿ, ಸೀಳಿನಂಗ? ಹೆಣ್ಣ ಅದರೊಳಗ ಹೋಗಿ ಕುಂತೈತಿ," ಎಂದ. ಮೊಟ್ಟೆ ಇಡುವ ಹೊತ್ತಿಗೆ ಹೆಣ್ಣು ಪೊಟರೆ ಹೊಕ್ಕು, ಬಾಗಿಲನ್ನು ಒಳಗಿನಿಂದ ತಾನೇ ಮೆತ್ತಿಕೊಳ್ಳುತ್ತದೆ. ಕೊಕ್ಕಿನ ತುದಿ ಹಿಡಿಸುವಷ್ಟು ಸೀಳು ಮಾತ್ರ ಬಿಡುತ್ತದೆ. ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು, ಅಲ್ಲೇ. ಗಂಡು ಕಾಳಿನದಿಯ ದಂಡೆಗುಂಟ ಮೌಳಂಗಿಯ ತನಕ ಅಲೆದು, ಅತ್ತಿಹಣ್ಣು ಬಸರಿಹಣ್ಣು ನುಂಗಿಕೊಂಡು ಬಂದು, ಆ ಸೀಳಿನಲ್ಲಿ ಒಂದೊಂದಾಗಿ ಕೊಡುತ್ತದೆ.

ಒಂದೊಂದಾಗಿ ಎಂದು ಅವನು ಹೇಳಿದಾಗ ಇಮ್ತಿಯಾಜ್‌ಭಾಯಿಯ ಕೈ ಸರಳಿನ ಸಂದಿಯಲ್ಲಿತ್ತು, ಕೈಯಲ್ಲಿ ಬಿಸ್ಕತ್ತಿತ್ತು. ಅವನು ಬಿಸ್ಕತ್ತು ನೋಡಿದ, ಬೀಗ ನೋಡಿದ, ನನ್ನನ್ನು ನೋಡಿದ.

"ಹೆಣ್ಣ ಅಂದ್ರಲ್ಲ?" ಎಂದು ಪಾಂಡುರಂಗನನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ಆ ಮೇಲೆ ನಡೆದದ್ದನ್ನು ವಿವರಿಸುವುದಿಲ್ಲ. ಮೀಸೆ ಇರುವ ಗಂಡಸು, ಯೂನಿಯನ್ ಚುನಾವಣೆಗೆ ನಿಂತವನು, ಓಣಿಯಲ್ಲಿ ಒಂದೇ ದಿನದಲ್ಲಿ ಹೆಣ್ಣು ಮಂಗಟ್ಟೆಯಾಗಿ ಹೋದೆ. ಮಿಲ್ಲಿನ ಗೆಳೆಯರು ಬಂದವರು, "ತತ್ತಿ ಯಾವಾಗ?" ಎಂದು ಕೇಳಿ ಹೋದರು. ಮೊದಲು ಸಿಡುಕಿದೆ. ನಂತರ ನಕ್ಕೆ. ಬಿದ್ದ ದಿನದಿಂದ ನಕ್ಕಿರಲಿಲ್ಲ ಎಂಬುದು ನಕ್ಕ ಮೇಲೆಯೇ ಗೊತ್ತಾಯಿತು.

ಅಂದಿನಿಂದ ನನ್ನ ಡ್ಯೂಟಿ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಮೊದಲ ಭುಸ್. ಒಂಬತ್ತಕ್ಕೆ ಇನ್ನೊಂದು. ಗಂಡು ಬಂದು ಬೊಡ್ಡೆಗೆ ಆತುಕೊಂಡು, ಕುತ್ತಿಗೆ ಕುಲುಕಿ, ಗಂಟಲಿನಿಂದ ಒಂದು ಹಣ್ಣು ತೆಗೆಯುತ್ತಿತ್ತು. ಸೀಳಿನಿಂದ ಒಂದು ಕೊಕ್ಕು ಹೊರಬಂದು ತೆಗೆದುಕೊಳ್ಳುತ್ತಿತ್ತು. ಮತ್ತೊಂದು. ಮತ್ತೊಂದು. ಆ ಅಗಾಧ ಕೊಕ್ಕಿನ ತುದಿಯಲ್ಲಿ ಗೋಲಿಯಷ್ಟು ಹಣ್ಣು, ಒಂದೂ ಜಾರಿ ಬೀಳುತ್ತಿರಲಿಲ್ಲ. ಫಿಟ್ಟರ್ ಆಗಿ ಹೇಳುತ್ತೇನೆ, ಅಷ್ಟು ದೊಡ್ಡ ಉಪಕರಣದಿಂದ ಅಷ್ಟು ಸೂಕ್ಷ್ಮ ಕೆಲಸ ನಮ್ಮ ಇಡೀ ವರ್ಕ್‌ಶಾಪಿನಲ್ಲಿ ಯಾರಿಂದಲೂ ಆಗದು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂಬ ಗಾದೆಯನ್ನು ಸಾವಿರ ಸಲ ಕೇಳಿದ್ದೆ, ಕೇಳಿದಾಗಲೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದೆ. ಈಗ ಅದು ನನ್ನ ಕಣ್ಣೆದುರಿಗೇ ದಿನಕ್ಕೆ ಐದಾರು ಬಾರಿ ರೆಕ್ಕೆ ಬಡಿದುಕೊಂಡು ಬರುತ್ತಿತ್ತು.

ಒಮ್ಮೆ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಬ್ಬ ಲಾಮಾ ಜೀಪು ರಿಪೇರಿಗೆ ಬಂದಿದ್ದರು. ಹಳೆಯ ಟೈರಿನ ಮೇಲೆ ಕೂತು ಹಕ್ಕಿಯನ್ನು ಒಂದು ತಾಸು ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ನೀವ ಒಳಗ ಕುಂತ ಎಷ್ಟ ದಿನಾ ಆತ್ರಿ?" ಎಂದು ಚೊಕ್ಕ ಕನ್ನಡದಲ್ಲಿ ಕೇಳಿದರು. ಐವತ್ತು ದಿನ ಎಂದು ನಾನು ಬಹಳ ದುಃಖದಿಂದ ಹೇಳಿದೆ. "ನಮ್ಮಲ್ಲೆ ಕೆಲವರು ಧ್ಯಾನಕ್ಕ ಮೂರ ವರ್ಷ ಕುಂದರತಾರ," ಎಂದರು. ನನ್ನ ಚಹಾದ ಗ್ಲಾಸಿನ ಕಡೆ ನೋಡಿ, "ಬಿಸ್ಕೀಟ ಇರಂಗಿಲ್ಲ," ಎಂದು ಸೇರಿಸಿ ನಕ್ಕರು. ನನ್ನ ದುಃಖದ ಅಳತೆ ಅಲ್ಲೇ ನಾಲ್ಕು ಬೆರಳು ಇಳಿಯಿತು.

ಹೀಗೆ ಎಲ್ಲ ಚೆನ್ನಾಗಿ ಸಾಗುತ್ತಿತ್ತು ಎನ್ನುವಾಗ ಹತ್ತನೆಯ ವಾರದ ಎಕ್ಸ್‌ರೇ ಬಂತು. ಕಾರು ಮಾಡಿಕೊಂಡು ಹಳಿಯಾಳದ ಮೇಲೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. ಕೆಳಗಿನ ಮುರಿತ ಕೂಡಬೇಕಾದಷ್ಟು ಕೂಡಿಲ್ಲ ಎಂದರು. ಇನ್ನೊಂದು ತಿಂಗಳು ನೋಡೋಣ, ಕೂಡದಿದ್ದರೆ ಸೊಂಟದ ಎಲುಬಿನ ಚೂರು ತೆಗೆದು ಅಲ್ಲಿ ಹಾಕಬೇಕು, ಆಮೇಲೆ ಏಣಿ ಹತ್ತುವ ಕೆಲಸ ಮರೆತುಬಿಡಿ ಎಂದರು. ಏಣಿ ಹತ್ತದ ಫಿಟ್ಟರ್ ಎಂದರೆ ಯಾರು? ನನಗೆ ಬೇರೆ ಏನೂ ಬರುವುದಿಲ್ಲ. ವಾಪಸು ಬರುವಾಗ ಹಳಿಯಾಳದಲ್ಲಿ ಚಹಾಕ್ಕೆ ಕಾರು ನಿಂತಿತು, ನಾನು ಬೇಡ ಎಂದೆ. ಮನೆಗೆ ಬಂದು, ಶೈಲಾ ಅಡುಗೆಮನೆಯಲ್ಲಿದ್ದಾಗ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾಲಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಒಳಗೆ ಎಲುಬು ಬೆಳೆಯುವ ಸದ್ದು ಕೇಳುತ್ತದೇನೋ ಎಂದು. ಏನೂ ಕೇಳಲಿಲ್ಲ. ಅತ್ತೆ. ಐವತ್ತೆರಡು ವರ್ಷದವನು, ಕಿವಿಗೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಅತ್ತೆ.

ಅದಾಗಿ ನಾಲ್ಕನೆಯ ದಿನ ಭಾನುವಾರ. ಆರೂವರೆಗೆ ಭುಸ್ ಬರಲಿಲ್ಲ. ಒಂಬತ್ತಕ್ಕೂ ಬರಲಿಲ್ಲ. ಹತ್ತಕ್ಕೆ ಇಮ್ತಿಯಾಜ್‌ಭಾಯಿ ಚಹಾ ತಂದವನು ಮರ ನೋಡಿ ಹೋದ. ಸೀಳಿನಲ್ಲಿ ಹೆಣ್ಣಿನ ಕೊಕ್ಕು ಒಮ್ಮೆ ಕಂಡಿತು, ಒಳಗೆ ಹೋಯಿತು, ಮತ್ತೆ ಕಂಡಿತು. ಗಂಡಿಗೆ ಏನಾದರೂ ಆದರೆ ಒಳಗಿರುವ ತಾಯಿಗೂ ಮರಿಗೂ ಬದುಕುವುದು ಕಷ್ಟ ಎಂದು ಪಾಂಡುರಂಗ ಹಿಂದೆಯೇ ಹೇಳಿದ್ದ. ಬಿಸಿಲು ಏರಿತು. ಹನ್ನೊಂದಾಯಿತು, ಹನ್ನೆರಡಾಯಿತು. ನನಗೆ ಮಂಚದಲ್ಲಿ ಕೂರಲಾಗಲಿಲ್ಲ. ಎದ್ದು ಓಡಿಹೋಗಿ ನಾಲ್ಕು ಅತ್ತಿಹಣ್ಣಾದರೂ ಕಿತ್ತು ತಂದುಕೊಡೋಣ ಎಂದರೆ ಕಾಲಿಲ್ಲ. ಆಗ ಏನು ಮಾಡಿದೆ ಎಂದು ಹೇಳಲು ಈಗಲೂ ಸಂಕೋಚ. ಅಡುಗೆಮನೆಯ ಕಡೆ ಮುಖ ಮಾಡಿ, ಗಟ್ಟಿಯಾಗಿಯೇ, "ಹನುಮಪ್ಪಾ, ನನ್ನ ಕಾಲಿಂದು ಆಮ್ಯಾಲ ನೋಡೂಣು. ಮೊದಲ ಅವನ್ನ ಕಳಸು," ಎಂದೆ. ಎರಡು ತಿಂಗಳ ಮೇಲೆ ನಮ್ಮಿಬ್ಬರ ಮಧ್ಯೆ ಮಾತು ಶುರುವಾದದ್ದು ಹೀಗೆ.

ಅಡುಗೆಮನೆಯಿಂದ ಹನುಮಪ್ಪನ ಬದಲು ಶೈಲಾ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮಂಚದ ತುದಿಯಲ್ಲಿ ಕೂತಳು. ಆ ಹೆಣ್ಣಿನ ಗತಿ ಏನು, ಹಸಿವೆ ಎಷ್ಟಿರಬೇಡ, ಒಳಗೆ ಎಷ್ಟು ಕತ್ತಲೆಯೋ ಎಂದು ನಾನು ಹಲುಬುತ್ತಲೇ ಇದ್ದೆ.

"ನೀವು ದಿನಾ ಒಳಗಿನಾಕಿ ಬಗ್ಗೆನ ಮಾತಾಡತೀರಿ," ಎಂದಳು ಅವಳು, ಮರವನ್ನೇ ನೋಡುತ್ತ. "ಆಕಿ ಕುಂತಾಳ. ಹೊರಗಿನಂವಾ ಉಂಡಾನೋ ಇಲ್ಲೋ ಯಾರರ ನೋಡೀರೇನು? ದಣದಿರತಾನರೀ. ಎಲ್ಲೆರ ಒಂದ ಗಳಿಗಿ ಕುಂತಿರಬೇಕು. ಬರತಾನ."

ಸಿಟ್ಟಿನಿಂದ ಹೇಳಲಿಲ್ಲ, ದೂರಿನಂತೆಯೂ ಹೇಳಲಿಲ್ಲ. ಹಕ್ಕಿಯ ಬಗ್ಗೆಯೇ ಹೇಳಿದಳು. ಆದರೆ ನಾನು ಆಗ ಕಿಟಕಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದೆ. ಕೆನ್ನೆ ಇಳಿದಿತ್ತು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಎಪ್ಪತ್ತು ದಿನದಿಂದ ಅವಳು ನನಗೆ ಉಣಿಸಿ, ನಿಂತೇ ಎರಡು ತುತ್ತು ತಿಂದು, ಮೂವತ್ತು ಮಕ್ಕಳಿಗೆ ಉಣಿಸಲು ಓಡಿ, ಮತ್ತೆ ನನಗೆ ಉಣಿಸಲು ಓಡಿ ಬರುತ್ತಿದ್ದಳು. ಅಷ್ಟು ದಿನ ನಾನು ನನ್ನನ್ನು ಹೆಣ್ಣು ಮಂಗಟ್ಟೆ ಎಂದು ಹೇಳಿಕೊಂಡು ನಗುತ್ತಿದ್ದೆ, ಹಾಗಾದರೆ ಗಂಡು ಯಾರು ಎಂಬ ಸಾದಾ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಇಪ್ಪತ್ತೆಂಟು ವರ್ಷದ ಕಿವಿಯಂತೆ! ನನಗೆ ಬಹಳ ನಾಚಿಕೆಯಾಯಿತು. "ನೀ ಉಂಡೀ ಏನು?" ಎಂದು ಕೇಳಿದೆ. ಈ ಪ್ರಶ್ನೆ ಅವಳಿಗೆ ಹೊಸದು. "ರೊಟ್ಟಿ ತಟ್ಟಾಕತ್ತೀನಲ್ರೀ," ಎಂದಳು.

ಉತ್ತರ ಪೂರ್ತಿಯಾಗುವ ಮೊದಲೇ ಕೇಳಿತು. ದೂರದಲ್ಲಿ, ನದಿಯ ಕಡೆಯಿಂದ, ಭುಸ್. ಭುಸ್. ಭುಸ್. ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿದ್ದ ಇಮ್ತಿಯಾಜ್‌ಭಾಯಿಯ ದನಿ ಬಂತು: "ಸಾಹೇಬ್ರ, ವೈನಿ, ಲೀಕ್ ಬಂತು ನೋಡ್ರಿ!"

ಬಂತು. ಎಂಥ ಬರುವಿಕೆ! ಮಧ್ಯಾಹ್ನದ ಬಿಸಿಲನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡು, ತಗಡಿನ ಸೂರಿನ ಮೇಲೆ ತನ್ನ ನೆರಳು ಎಳೆದುಕೊಂಡು, ಗಾಳಿಯನ್ನು ಕೊಯ್ಯುತ್ತ ಬಂತು. ಬಾಲದಲ್ಲಿ ಒಂದು ಗರಿ ಮುರಿದು ಜೋತಿತ್ತು. ಎಲ್ಲಿ ಯಾವುದರ ಜೊತೆ ಹೋರಾಡಿತ್ತೋ. ಬೊಡ್ಡೆಗೆ ಆತುಕೊಂಡಿತು. ಒಂದು ಹಣ್ಣು. ಎರಡು. ಶೈಲಾ ಅಂಗನವಾಡಿಯ ಮಕ್ಕಳಿಗೆ ಕಲಿಸುವ ರಾಗದಲ್ಲೇ ಎಣಿಸತೊಡಗಿದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಇಮ್ತಿಯಾಜ್‌ಭಾಯಿಯೂ ಎಣಿಸಿದ. ಮೂವತ್ತೊಂದಾಯಿತು. ನಮ್ಮ ಮೂವರ ಕಣ್ಣಲ್ಲೂ ನೀರು. ನನಗೆ ಮಾತ್ರ ಆ ಹೊತ್ತಿನಲ್ಲಿ ಬೇರೆ ಯಾವ ಸಂದೇಹವೂ ಉಳಿಯಲಿಲ್ಲ. ದೇವರು ಇದ್ದಾನೆ, ಕೆಲಸದ ಮೇಲಿದ್ದಾನೆ, ಸ್ವಲ್ಪ ತಡವಾದರೂ ಗಂಟಲಲ್ಲಿ ಹಣ್ಣು ಇಟ್ಟುಕೊಂಡೇ ಬರುತ್ತಾನೆ. ಅವನು ನನಗೋಸ್ಕರ ಬರಲಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು. ನನ್ನ ಕಾಲು ಮುರಿದರೂ ಕೂಡಿದರೂ ಆ ಹಣ್ಣು ಆ ಸೀಳಿಗೆ ಸಿಗುತ್ತಿತ್ತು. ಕಿಟಕಿಯ ಹತ್ತಿರ ಮಂಚ ಹಾಕಿಸಿ ನೋಡು ಎಂದು ಕೂರಿಸಿದ್ದೊಂದೇ ನನಗೆ ಮಾಡಿದ ಉಪಕಾರ.

ಆ ಸಂಜೆ ಹನುಮಪ್ಪ ತನ್ನ ಹಳೆಯ ಮೊಳೆಗೆ ಮರಳಿದ. ಮೂಗಿಗೆ ಸ್ವಲ್ಪ ಹಿಟ್ಟು ಮೆತ್ತಿತ್ತು.

ಮೇ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ ಪೊಟರೆಯ ಬಾಗಿಲು ಒಡೆದಿತ್ತು. ಹೆಣ್ಣು ಹೊರಗೆ ಕೊಂಬೆಯ ಮೇಲೆ ಕೂತು, ರೆಕ್ಕೆ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ನೋಡುತ್ತಿತ್ತು. ಒಳಗಿನ ಮರಿ ಆ ಬಾಗಿಲನ್ನು ತಾನೇ ಮತ್ತೆ ಮೆತ್ತಿಕೊಂಡಿತು. ಎಳೆಯ ಕೊಕ್ಕಿನ ಆ ಗಾರೆ ಕೆಲಸ ನೋಡಿ ಇಮ್ತಿಯಾಜ್‌ಭಾಯಿ ಗ್ಯಾರೇಜಿನ ಗೋಡೆಗೂ ಅದನ್ನೇ ಕರೆಯೋಣ ಎಂದ. ನಾನು ನೋಡಿದ ಬೆರಗು ಮಾತ್ರ ಇದು: ಹೊರಗೆ ಬಂದ ಹೆಣ್ಣು, ಮೂರು ತಿಂಗಳು ಸಾಕಾಗಿದೆ ಎಂದು ಗೋವಾದ ಕಡೆ ಹಾರಿಹೋಗಲಿಲ್ಲ. ಎರಡನೆಯ ದಿನದಿಂದ ಅದೂ ಹಣ್ಣು ತರತೊಡಗಿತು. ಈಗ ಎರಡು ಭುಸ್.

ಐದು ದಿನದ ಮೇಲೆ ನನ್ನ ಎಕ್ಸ್‌ರೇ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತಕ್ಷಣ ನಕ್ಕರು. ಎಲುಬು ಕೂಡಿತ್ತು. ಒಂದು ತಿಂಗಳಿಂದ ಒಳಗೆ ಏನೋ ಕಚ್ಚಿದಂತಾಗುತ್ತಿತ್ತು, ಏನೋ ಕೆಟ್ಟಿದೆ ಎಂದು ಹೆದರಿದ್ದೆ ಎಂದು ಹೇಳಿದೆ. ಕೂಡುವಾಗಲೂ ನೋಯುತ್ತದೆ ಎಂದರು ಅವರು. ಹಳಿಯಾಳದಲ್ಲಿ ಕಾರು ನಿಲ್ಲಿಸಿ ನಾನು ಎರಡು ಚಹಾ ಕುಡಿದೆ.

ಮರುವಾರ ಕೋಲು ಹಿಡಿದು ನಡೆದು ನಾನು ಮೊದಲು ಹೋದದ್ದು ತಾರೆಯ ಮರದ ಬುಡಕ್ಕೆ. ಮೂರು ತಿಂಗಳು ಸೀಳಿನಿಂದ ಹೊರಗೆ ಬಿದ್ದ ಬೀಜಗಳೆಲ್ಲ ಅಲ್ಲಿ ಮೊಳೆತು ನಿಂತಿದ್ದವು. ಕಾಲಿಡಲು ಜಾಗವಿಲ್ಲದಷ್ಟು ಸಸಿ. ಬಂದಿಯಾಗಿ ಕೂತವಳು ಕೂತಲ್ಲೇ ಒಂದು ಕಾಡು ಬಿತ್ತಿದ್ದಳು. ನಾನು ಕೂತಲ್ಲಿ ಏನು ಬಿತ್ತಿದೆ ಎಂದು ಯೋಚಿಸಿದೆ, ನೆನಪಾಗಲಿಲ್ಲ, ನೇರ ಮನೆಗೆ ಬಂದು ರೊಟ್ಟಿ ತ‌ಟ್ಟಲು ಕೂತೆ. ಮೊದಲ ರೊಟ್ಟಿ ಜೋಯಿಡಾ ತಾಲ್ಲೂಕಿನ ನಕಾಶೆಯಂತೆ ಬಂತು. "ನೀ ಕುಂದರು, ಇವತ್ತ ನಾ ತರತೀನಿ," ಎಂದು ಶೈಲಾಳ ಮುಂದೆ ತಾಟು ಇಟ್ಟೆ. ಅವಳು ಕೂತು, ಆರಾಮಾಗಿ, ಒಂದೊಂದೇ ತುಂಡು ಮುರಿದು ತಿಂದಳು. ಉಪ್ಪು ಮರೆತದ್ದು ನಾನು ತಿನ್ನುವಾಗಲೇ ನನಗೆ ಗೊತ್ತಾಯಿತು.

ಇನ್ನು ಉಳಿದದ್ದು ಏಣಿ. ಎಲುಬು ಕೂಡಿದರೂ ಎದೆ ಕೂಡಿರಲಿಲ್ಲ. ಮಿಲ್ಲಿನಲ್ಲಿ ನನಗೆ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಸ್ಟೂಲು ಜಾರಿದ ಆ ಗಳಿಗೆ ನೆನಪಾಗಿ ಕಾಲು ತಾನಾಗಿಯೇ ಕೆಳಗೆ ಬರುತ್ತಿತ್ತು. ಯಾರಿಗೂ ಹೇಳದೆ ಎರಡು ಸಲ ಪ್ರಯತ್ನಿಸಿ ಇಳಿದಿದ್ದೆ. ಶೈಲಾಳಿಗೆ ಮಾತ್ರ ಗೊತ್ತಾಗಿತ್ತು.

ಮೊನ್ನೆ ಭಾನುವಾರ, ಮಳೆ ನಿಂತು ಹೊಳವಾದ ಹೊತ್ತು, ನಾನೂ ಶೈಲಾಳೂ ಗ್ಯಾರೇಜಿನಲ್ಲಿ ಭಾಯಿಯ ಜೊತೆ ಚಹಾ ಕುಡಿಯುತ್ತ ಕೂತಿದ್ದೆವು. ಮರಿ ಹಾರಿಹೋಗಿ ತಿಂಗಳಾಗಿತ್ತು, ಪೊಟರೆ ಖಾಲಿ. ಆಗ ಕೇಳಿತು: ಭುಸ್, ಭುಸ್, ಭುಸ್. ನಾನೂ ಇಮ್ತಿಯಾಜ್‌ಭಾಯಿಯೂ ಒಮ್ಮೆಲೇ ಹೊರಗೆ ಹಾರಿ ಆಕಾಶ ನೋಡಿದೆವು. ಕಾಣಲಿಲ್ಲ. ಸೂರಿನ ಆಚೆ ಇರಬೇಕು ಎಂದ ಅವನು. ಸದ್ದು ನಿಲ್ಲಲಿಲ್ಲ. ನಾನು ಆ ಕಡೆಯಿಂದ, ಈ ಕಡೆಯಿಂದ, ಇನ್ನೂ ಸ್ವಲ್ಪ ಮೇಲಿನಿಂದ ಹುಡುಕಿದೆ. ಮರ ಸಲೀಸಾಗಿ ಕಾಣುತ್ತಿತ್ತು, ಅದರಾಚೆ ತೊಳೆದಿಟ್ಟಂಥ ಕಾಡು, ನದಿಯ ತಿರುವು ಸಹ ಕಾಣುತ್ತಿತ್ತು. ಹಕ್ಕಿ ಮಾತ್ರ ಇಲ್ಲ.

"ಭಾಯಿ," ಎಂದಳು ಕೆಳಗಿನಿಂದ ಶೈಲಾ, ಬಹಳ ನಿಧಾನವಾಗಿ, "ನಿಮ್ಮ ಕಂಪ್ರೆಸರ್ ಪೈಪ್ ಒಡದೈತಿ ನೋಡ್ರಿ."

ಒಡೆದಿತ್ತು. ಜಾಯಿಂಟಿನ ಹತ್ತಿರ ಬೆರಳುದ್ದ ಸೀಳು, ಭುಸ್ ಭುಸ್ ಎಂದು ಗಾಳಿ ಹೋಗುತ್ತಿತ್ತು. ಇಮ್ತಿಯಾಜ್‌ಭಾಯಿ ಅದರ ಕಡೆ ಹೋಗಲಿಲ್ಲ. ಅವನೂ ಶೈಲಾಳೂ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಕೆಳಗಿನಿಂದ ಯಾಕೆ ನೋಡುತ್ತಿದ್ದಾರೆ ಎಂದು ಆಗ ನಾನೂ ನನ್ನ ಕಾಲು ನೋಡಿಕೊಂಡೆ. ಸೂರಿಗೆ ಆನಿಸಿಟ್ಟ ಏಣಿಯ ಒಂಬತ್ತನೆಯ ಮೆಟ್ಟಿಲ ಮೇಲೆ ನಿಂತಿದ್ದೆ.